ಅಣ್ಣನ ಮುಖದ ಲೈಸೆನ್ಸು

ಮಸ್ಕತ್ತಿಗೆ ಬಂದ ಮೂರನೆಯ ದಿನ ಯಜಮಾನ ಗಾಡಿಯ ಕೀಲಿಕೈಯನ್ನು ನನ್ನ ಅಂಗೈಗೆ ಹಾಕಿ, ಹತ್ತು ಎಂದು ಕೈಸನ್ನೆ ಮಾಡಿದ. ನಾನು ಬಲಗಡೆಯ ಬಾಗಿಲು ತೆರೆದು ಹತ್ತಿ ಕುಳಿತೆ. ಮುಂದೆ ಸ್ಟೇರಿಂಗ್ ಇರಲಿಲ್ಲ. ಏಳು ವರ್ಷ ಟೆಂಪೊ ಹೊಡೆದ ನನ್ನ ಎರಡೂ ಕೈಗಳು ಗಾಳಿಯಲ್ಲಿ ಹಾಗೇ ನಿಂತವು. ಯಜಮಾನ ಕಿಟಕಿಯಲ್ಲಿ ಬಗ್ಗಿ ನೋಡಿ ಹಲ್ಲು ಕಾಣುವ ಹಾಗೆ ನಕ್ಕ. ಸ್ಟೇರಿಂಗ್ ಎಡಗಡೆ ಇತ್ತು. ಈ ದೇಶದಲ್ಲಿ ಗಾಡಿಗಳು ರಸ್ತೆಯ ಬಲಬದಿ ಹಿಡಿದು ಓಡುತ್ತವೆ ಎಂದು ಬೆಳಗಾವಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ನಾನು ಖಾನಾಪುರದವನು, ಪರಸಪ್ಪ. ಸಾಲಿ ಕಲಿತದ್ದು ಐದನೆಯ ಇಯತ್ತೆಯವರೆಗೆ. ಮಚ್ಛೆಯ ಒಂದು ಕಾರ್ಖಾನೆಯ ಎರಕದ ಸಾಮಾನುಗಳನ್ನು ಟೆಂಪೊದಲ್ಲಿ ಹೇರಿಕೊಂಡು ಬೆಳಗಾವಿ ಸ್ಟೇಷನ್ನಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಪತ್ರಿಕೆಗೆ ಬರೆಯುವಷ್ಟು ವಿದ್ಯೆ ನನ್ನಲ್ಲಿಲ್ಲ. ಆದರೆ ಈ ಪತ್ರಿಕೆ ಖಾನಾಪುರದ ಚಹಾದಂಗಡಿಗೂ ಹೋಗುತ್ತದೆ, ಅಲ್ಲಿ ನಮ್ಮ ಸೋದರಮಾವ ದಿನಾ ಬೆಳಿಗ್ಗೆ ಓದಿಸಿಕೊಂಡು ಕೇಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿಯ ಬಳಿ ನಿಂತೇ ಯಜಮಾನ, "ಲೈಸನ್?" ಎಂದು ಕೇಳಿದ. ಲೈಸೆನ್ಸಿಗೆ ಇಲ್ಲಿಯವರು ಹಾಗೆನ್ನುತ್ತಾರೆ. ಯಜಮಾನನಿಗೆ ನಾವೆಲ್ಲ ಅರ್ಬಾಬ್ ಎನ್ನುತ್ತೇವೆ. ಊರಿನ ಲೈಸೆನ್ಸು ತೋರಿಸಿದರೆ ಇಲ್ಲಿಯ ಪೊಲೀಸರು ಪರೀಕ್ಷೆಗೆ ಕರೆಯುತ್ತಾರೆ, ಪಾಸಾದರೆ ಇಲ್ಲಿಯ ಲೈಸೆನ್ಸು ಕೊಡುತ್ತಾರೆ. ನಾನು ಕೋಣೆಗೆ ಓಡಿಹೋಗಿ ತಗಡಿನ ಟ್ರಂಕು ತೆರೆದೆ. ತೆರೆದ ಕೂಡಲೇ ನಮ್ಮ ಮನೆಯ ಅಡಿಗೆಮನೆಯ ವಾಸನೆ ಮುಖಕ್ಕೆ ಬಡಿಯಿತು. ಅವ್ವ ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿಯ ಗಾಜಿನ ಬಾಟಲಿ ದಾರಿಯಲ್ಲಿ ಒಡೆದಿತ್ತು. ಅಂಗಿ, ಧೋತರ, ಎಲ್ಲಕ್ಕೂ ಎಣ್ಣೆ. ಧೋತರದ ಮಡಿಕೆಯಲ್ಲಿ ಜೋಪಾನವಾಗಿಟ್ಟಿದ್ದ ಲೈಸೆನ್ಸಿನ ಪುಸ್ತಕ ಉಪ್ಪು ಖಾರ ಕುಡಿದು ಉಬ್ಬಿತ್ತು. ಶಾಯಿ ಹರಿದಿತ್ತು. ನನ್ನ ಫೋಟೊ ಕಿತ್ತು ಬಂದು, ಒಂದು ಸಾಸಿವೆಕಾಳು ಸರಿಯಾಗಿ ಮೂಗಿನ ಮೇಲೆ ಅಂಟಿಕೊಂಡಿತ್ತು.

ಅದನ್ನೇ ಒರೆಸಿ, ಪೊಲೀಸ್ ಕಚೇರಿಗೆ ಹೋಗಿ ಕಿಟಕಿಯ ಹಿಂದಿನ ಪೊಲೀಸನಿಗೆ ಕೊಟ್ಟೆ. ಅವನು ಮೂಸಿ ನೋಡಿ, ಬಾಜು ಕುಳಿತವನಿಗೂ ಮೂಸಲು ಕೊಟ್ಟ. ಆಮೇಲೆ ಹಿಂದಿಯಲ್ಲಿ, "ಇದನ್ನು ರೊಟ್ಟಿಯ ಜೊತೆ ತಿನ್ನು, ಓದಲಿಕ್ಕೆ ಬೇರೆ ತಾ" ಎಂದ.

ಬೇರೆ ತರಬೇಕೆಂದರೆ ಬೆಳಗಾವಿಯಿಂದಲೇ ತರಬೇಕು. ಅರ್ಬಾಬ್ ನನ್ನ ಪಾಸ್‌ಪೋರ್ಟನ್ನು ಆಗಲೇ ಕಪಾಟಿನಲ್ಲಿಟ್ಟು ಬೀಗ ಹಾಕಿಯಾಗಿತ್ತು. ಎರಡು ವರ್ಷ ರಜೆಯಿಲ್ಲ. ಅವನು ಕೆಟ್ಟವನಲ್ಲ. ಬೆರಳು ಮಡಚಿ ತಿಂಗಳು ತೋರಿಸಿದ. ರಂಜಾನ್ ಮುಗಿಯುವ ತನಕ ತಡೆಯುತ್ತೇನೆ, ಅಷ್ಟರಲ್ಲಿ ಲೈಸನ್ ಬರದಿದ್ದರೆ ಖಲಾಸ್ ಎಂದ. ಖಲಾಸ್ ಎಂದರೆ ಏನೆಂದು ಖಾನಾಪುರದವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ನಾನು ಡ್ರೈವರ್ ಅಲ್ಲ, ಗಾಡಿಯ ಹಿಂದೆ ನಿಂತು ಸಿಮೆಂಟಿನ ಇಟ್ಟಿಗೆ ಏರಿಸುವ, ಇಳಿಸುವ ಹಮಾಲ.

ಆ ತಿಂಗಳುಗಳಲ್ಲಿ ನಾನು ಈ ಊರನ್ನು ಕಂಡದ್ದು ಹಿಂದಿನಿಂದಲೇ. ಗಾಡಿ ಮುಂದೆ ಹೋದಂತೆ ರಸ್ತೆ ಹಿಂದೆ ಸರಿಯುತ್ತಿತ್ತು. ಗುಡ್ಡಗಳ ಮೇಲೆ ಗಿಡವಿಲ್ಲ, ಹುಲ್ಲಿಲ್ಲ, ಎಲ್ಲ ಸುಟ್ಟ ಬೆಲ್ಲದ ಬಣ್ಣದವು. ಮನೆಗಳಿಗೆ ಹಂಚಿನ ಮಾಡು ಇಲ್ಲ, ಬರೀ ಚಪ್ಪಟೆ ತಾರಸಿ. ಮಳೆಯೇ ಇಲ್ಲದ ಮೇಲೆ ಮಾಡು ಯಾಕೆ ಬೇಕು? ನಮ್ಮಣ್ಣ ನಿಂಗಪ್ಪ ಖಾನಾಪುರದ ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುವವನು. ಅವನು ಸುಟ್ಟ ಒಂದು ಹಂಚಿಗೂ ಈ ದೇಶದಲ್ಲಿ ಕೆಲಸವಿಲ್ಲವಲ್ಲ ಎಂದು ಅನಿಸುತ್ತಿತ್ತು. ಊಟಕ್ಕೆ ಖುಬ್ಜ್ ಎಂಬ ರೊಟ್ಟಿ. ನಮ್ಮ ಜೋಳದ ರೊಟ್ಟಿಯಷ್ಟೇ ಅಗಲ. ಆದರೆ ಬಡಿಯುವ ಸಪ್ಪಳವಿಲ್ಲ, ಅಂಗಡಿಯಿಂದ ಕಟ್ಟು ಕಟ್ಟಾಗಿ ಬರುತ್ತದೆ. ಆ ಸಪ್ಪಳವಿಲ್ಲದೆ ಹಸಿವಾಗುವುದನ್ನು ಕಲಿಯಲು ನನಗೆ ಭಾಳ ದಿನ ಹಿಡಿಯಿತು. ಒಂದೇ ಒಂದು ಮಾತು ಮಾತ್ರ ಊರಿನದಿತ್ತು. ನೇರ ಹೋಗು ಎನ್ನಲು ಇಲ್ಲಿಯವರೂ "ಸೀದಾ" ಎನ್ನುತ್ತಾರೆ. ಮೊದಲ ಸಲ ಕೇಳಿದಾಗ, ನಮ್ಮ ಊರ ಸ್ಟ್ಯಾಂಡಿನಲ್ಲಿ ಯಾರೋ ದಾರಿ ಹೇಳಿದರೇನೋ ಎಂದು ತಿರುಗಿ ನೋಡಿದೆ.

ಅಣ್ಣನಿಗೆ ಓದಲು ಬರುವುದಿಲ್ಲ. ಇಲ್ಲಿ ನಮ್ಮಂಥವರೆಲ್ಲ ಕಾಗದದ ಬದಲು ಕ್ಯಾಸೆಟ್ಟು ಕಳಿಸುತ್ತಾರೆ. ನಮ್ಮ ಕೋಣೆಯಲ್ಲಿ ಎಂಟು ಜನ. ರತ್ನಾಗಿರಿಯ ಹಸನ್‌ಭಾಯಿ ಎಂಬವನ ಬಳಿ ಟೇಪ್‌ರೆಕಾರ್ಡರ್ ಇತ್ತು. ಒಬ್ಬ ಮಾತಾಡುವಾಗ ಉಳಿದ ಏಳು ಜನ ಹೊರಗೆ ಹೋಗಿ ನಿಲ್ಲುವುದು ಅಲ್ಲಿಯ ರಿವಾಜು. ಅದರಲ್ಲಿ ನಾನು ಆದದ್ದನ್ನೆಲ್ಲ ಹೇಳಿದೆ. ಸುಮ್ಮನೆ ಹೇಳಿದ್ದರೆ ಆಗುತ್ತಿತ್ತು. ನಗೆಚಾಟಿಕೆ ಮಾಡಿ, "ಅವ್ವಾ, ನಿನ್ನ ಉಪ್ಪಿನಕಾಯಿ ನನ್ನ ಲೈಸೆನ್ಸ್ ನುಂಗಿತು ನೋಡು" ಎಂದೂ ಹೇಳಿದೆ.

ಅದೇ ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲಲ್ಲಿ ಉತ್ತರ ಬಂತು. ಭಟ್ಟಿಯ ಕಾರಕೂನರ ಟೇಪ್‌ರೆಕಾರ್ಡರನ್ನು ಅಣ್ಣ ಮನೆಗೆ ತಂದು, ಕದ ಮುಂದಕ್ಕೆ ಮಾಡಿ ಮಾತಾಡಿದ್ದ.

"ಪರಶ್ಯಾ, ತಮ್ಮಾ, ನಾ ನಿಂಗಪ್ಪ ಮಾತಾಡಾಕತ್ತೇನಿ. ಆರಾಮ ಅದಿಯೇನ?"

ಎಂದು ಕೇಳಿ ಸುಮ್ಮನಾದ. ನಾನು ಆರಾಮ ಎಂದು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದ. ಅಣ್ಣನ ಪ್ರತಿ ಪ್ರಶ್ನೆಯ ಹಿಂದೆಯೂ ಅಷ್ಟು ಜಾಗ ಖಾಲಿ ಇರುತ್ತಿತ್ತು. ಆ ಖಾಲಿಯಲ್ಲಿ ನಮ್ಮ ಕೋಳಿಗಳು ಕೂಗುತ್ತಿದ್ದವು, ಅವ್ವ ಕೆಮ್ಮುತ್ತಿದ್ದಳು.

"ಬೆಳಗಾವಿಗೆ ಹೋಗಿದ್ದೆ. ಏಜೆಂಟ್ ಒಬ್ಬಾಂವ ಸಿಕ್ಕಾನ. ಡೂಪ್ಲಿಕೇಟ್ ಕೊಡತಾರಂತ. ಆದ್ರ ಯಾರದು ಲೈಸೆನ್ಸೋ ಅವರಽ ಸಾಹೇಬರ ಮುಂದ ನಿಂದ್ರಬೇಕಂತ. ಅವರ ಹಂತ್ಯಾಕ ನಿನ್ನ ಹಳೇ ಫೋಟೊ ಐತಿ, ಮಾರೀಗೆ ತಾಳೆ ಹಾಕಿ ನೋಡತಾರ. ನನ್ನ ತಮ್ಮ ಸಮುದ್ರದಾಚಿ ಅದಾನ್ರಿ ಅಂದೆ. ಏಜೆಂಟ್ ನನ್ನ ಮಾರೀನ ನೋಡಿದ. 'ನಿಮಗ ಮೀಸಿ ಇದ್ದಿದ್ರ ನೀವಽ ಅವರಲ್ಲೇನ್ರಿ' ಅಂದ. ಏನ್ ಮಾಡೂಣು?"

ಮತ್ತೆ ಖಾಲಿ.

ನಾವಿಬ್ಬರೂ ಒಂದೇ ಅಚ್ಚು. ಖಾನಾಪುರದ ಪೇಟೆಯಲ್ಲಿ ಅವನಿಗೆ ಕೊಡಬೇಕಾದ ಬೈಗುಳವನ್ನು ನನಗೆ ಕೊಟ್ಟವರಿದ್ದಾರೆ. ವ್ಯತ್ಯಾಸವೆಂದರೆ ನನಗೆ ದಪ್ಪ ಮೀಸೆ, ಎಡಕ್ಕೆ ಬೈತಲೆ ತೆಗೆದ ಒತ್ತಾದ ಕೂದಲು. ಭಟ್ಟಿಯ ಬೂದಿ ಕೂತುಕೊಳ್ಳುತ್ತದೆಂದು ಅಣ್ಣ ಮೀಸೆ ಬಿಡುತ್ತಿರಲಿಲ್ಲ, ಕೂದಲನ್ನೂ ಸಣ್ಣಗೆ ಕತ್ತರಿಸುತ್ತಿದ್ದ.

ಕೊನೆಗೆ ಅವ್ವನ ದನಿ ಬಂತು. ಯಂತ್ರದ ಮುಂದೆ ಹೇಗೆ ಮಾತಾಡಬೇಕೆಂದು ತಿಳಿಯದೆ ಜೋರಾಗಿ ಒದರಿದ್ದಳು. "ನನ್ನ ಕೈಯಾರೆ ನಿನ್ನ ಹೊಟ್ಟಿ ಮ್ಯಾಲೆ ಕಲ್ಲ ಹಾಕಿದೆನಲ್ಲೋ ಮಗನ!"

ನಾನು ಎರಡನೆಯ ಕ್ಯಾಸೆಟ್ಟಿನಲ್ಲಿ ಹೇಳಿದೆ: "ಅಣ್ಣಾ, ಮೀಸಿ ಬಿಡು. ಕೂದಲಾ ಬೆಳಸು. ಸಾಹೇಬರ ಮುಂದ ನಿಂತು ಬರೂತನ ನ್ಹಾವಿ ಅಂಗಡಿ ಕಡೆ ಹಾಯಬ್ಯಾಡ. ಯಾರಿಗೂ ಹೇಳಬ್ಯಾಡ, ಗೊತ್ತಾದ್ರ ಇಬ್ಬರೂ ಜೇಲಿಗೆ ಹೋಗತೇವಿ." ಅವ್ವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಏನೂ ಹೇಳಲಿಲ್ಲ.

ಅಣ್ಣ ಮೀಸೆ ಬಿಟ್ಟ. ಭಟ್ಟಿಯಲ್ಲಿ ಜನ ಅವನನ್ನು ಬಿಡಲಿಲ್ಲವಂತೆ. "ಏನೋ ನಿಂಗ್ಯಾ, ಎರಡನೇ ಲಗ್ನಾ ಮಾಡ್ಕೋಳಾಂವೇನ?" "ಇಲ್ಲಪಾ, ನಾಟಕದಾಗ ಕಂಸನ ಪಾರ್ಟ್ ಸಿಕ್ಕೈತಿ" ಎಂದು ಅಣ್ಣನೂ ಅವರ ಜೊತೆ ನಗುತ್ತಿದ್ದ. ಎರಡು ತಿಂಗಳಲ್ಲಿ ಮೀಸೆ ನನ್ನ ಫೋಟೊದಷ್ಟಾಯಿತು. ಏಜೆಂಟ್ ಲೈಸೆನ್ಸ್ ಆಫೀಸಿನ ಸಾಹೇಬರಿಂದ ಒಂದು ಸೋಮವಾರ ಗೊತ್ತು ಮಾಡಿಕೊಟ್ಟ. ಆ ಸೋಮವಾರದಿಂದ ರಂಜಾನ್ ಮುಗಿಯಲು ಮೂರೇ ವಾರ.

ಆ ಸೋಮವಾರಕ್ಕೆ ಇನ್ನೂ ಹನ್ನೊಂದು ದಿನ ಇರುವಾಗ, ಗುರುವಾರ, ಅವ್ವ ತೀರಿಕೊಂಡಳು.

ತಂತಿ ನನಗೆ ಮುಟ್ಟಿದ್ದು ರವಿವಾರ. ನಮ್ಮ ಕಂಪನಿಯಲ್ಲಿ ಹಾಜರಿ ಬರೆಯುವ ಜೋಸೆಫ್ ಕೇರಳದವನು, ನನಗೆ ಬಂದ ಇಂಗ್ಲಿಷ್ ಕಾಗದಗಳನ್ನೆಲ್ಲ ಅವನೇ ಓದಿ ಹೇಳುತ್ತಿದ್ದ. ಅವನು ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ನೀರು ಕೊಟ್ಟು, ನಿಧಾನಕ್ಕೆ ಹಿಂದಿಯಲ್ಲಿ ಓದಿದ. ತಾಯಿ ತೀರಿದಳು. ಹತ್ತನೆಯ ದಿನ ಶನಿವಾರ. ಆಫೀಸು ಸೋಮವಾರ. ಕೂದಲು ಏನು ಮಾಡಲಿ.

ಓದಿ ಮುಗಿಸಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ತಾಯಿ ಸತ್ತ ತಂತಿಯಲ್ಲಿ ಕೂದಲ ಮಾತೇಕೆ? ಕಳಿಸುವಾಗ ತಪ್ಪು ಬಿದ್ದಿರಬೇಕು" ಎಂದ.

ತಪ್ಪು ಬಿದ್ದಿರಲಿಲ್ಲ. ನಮ್ಮ ಮಂದಿಯಲ್ಲಿ ತಾಯಿ ತಂದೆ ಸತ್ತರೆ ಹತ್ತನೆಯ ದಿನ ಗಂಡುಮಕ್ಕಳು ಹೊಳೆಯ ದಂಡೆಯಲ್ಲಿ ಕೂದಲು, ಮೀಸೆ ಕೊಡಬೇಕು. ಕೊಡದವನನ್ನು ಮಗನೆಂದು ಎಣಿಸುವುದಿಲ್ಲ. ಶನಿವಾರಕ್ಕೂ ಸೋಮವಾರಕ್ಕೂ ನಡುವೆ ಒಂದೇ ದಿನ. ಅಣ್ಣ ಶನಿವಾರ ತಲೆ ಬೋಳಿಸಿದರೆ ಸೋಮವಾರ ಸಾಹೇಬರ ಮುಂದೆ ಪರಸಪ್ಪನಾಗಿ ನಿಲ್ಲುವಂತಿಲ್ಲ. ಮತ್ತೆ ಮೀಸೆ ಬೆಳೆಯುವಷ್ಟರಲ್ಲಿ ರಂಜಾನ್ ಮುಗಿದು, ನನ್ನದೆಲ್ಲ ಖಲಾಸ್. ಓದಲು ಬಾರದ ಅಣ್ಣ ಪೋಸ್ಟಿನವರ ಕೈಕಾಲು ಹಿಡಿದು, ಮಾತು ಮಾತಿಗೂ ದುಡ್ಡು ತೆತ್ತು ನನ್ನನ್ನು ಕೇಳಿದ್ದ. ಕೂದಲು ಕೊಡು ಎಂದಿದ್ದರೆ ಕೊಡುತ್ತಿದ್ದ. ಬೇಡ ಎಂದಿದ್ದರೆ ಆ ಪಾಪದಲ್ಲಿ ಅರ್ಧವಾದರೂ ನನ್ನದಾಗುತ್ತಿತ್ತು.

ನಾನು ಜೋಸೆಫನಿಗೆ ಹೇಳಿದೆ, "ಹೌದು, ತಪ್ಪು ಬಿದ್ದಿರಬೇಕು."

ಅವನು ನನ್ನ ಪರವಾಗಿ ಉತ್ತರ ಬರೆದ. ಬರಲಾಗದು, ಬಹಳ ದುಃಖವಾಗಿದೆ, ತಾಯಿಯ ಕಾರ್ಯ ಮುಗಿಸಿ. "ಇನ್ನೇನಾದರೂ ಸೇರಿಸಲೇ?" ಎಂದು ಪೆನ್ನು ಹಿಡಿದು ನನ್ನ ಮುಖ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಅಣ್ಣ ಏನು ಮಾಡುತ್ತಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಲ್ಲಾಡಿಸಿದೆ. ಅವ್ವ ಸತ್ತ ದುಃಖ ನನಗಿತ್ತು, ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ದುಃಖದ ಪಕ್ಕದಲ್ಲೇ ಒಂದು ಲೆಕ್ಕಾಚಾರವೂ ಕುಳಿತಿತ್ತು, ಅದು ಅಳುತ್ತಿರಲಿಲ್ಲ.

ರಿಜಿಸ್ಟರ್ ಪೋಸ್ಟಿನಲ್ಲಿ ಹೊಸ ಲೈಸೆನ್ಸು ಬಂತು. ಹೆಸರು ನನ್ನದು, ಫೋಟೊ ಅಣ್ಣನದು. ಜೊತೆಗಿದ್ದ ಕ್ಯಾಸೆಟ್ಟಿನಲ್ಲಿ ಅಣ್ಣ ಇಷ್ಟೇ ಹೇಳಿದ್ದ: "ಕೆಲಸ ಆತು. ಅವ್ವಂದೂ ಎಲ್ಲಾ ಆತು. ಇನ್ನ ಮ್ಯಾಲೆ ನೀ ನನ್ನಂಗ ಮಾರಿ ಮಾಡ್ಕೊಂಡ ತಿರುಗು." ಕಿಟಕಿಯ ಪೊಲೀಸ ಅದನ್ನು ಮೊದಲು ಮೂಸಿದ, ಆಮೇಲೆ ಫೋಟೊ ನೋಡಿದ, ನನ್ನನ್ನು ನೋಡಿದ, ಮುದ್ರೆ ಹಾಕಿದ. ಪರೀಕ್ಷೆಯಲ್ಲಿ ಮೊದಲ ಸಲ ತಿರುವಿನಲ್ಲಿ ಎಡಬದಿ ಹಿಡಿದು ಫೇಲಾದೆ. ಎರಡನೆಯ ಸಲ ಬಾಜು ಕುಳಿತ ಅಧಿಕಾರಿ "ಸೀದಾ, ಸೀದಾ" ಎನ್ನುತ್ತ ಹೋದ, ಪಾಸು ಮಾಡಿದ. ಅರ್ಬಾಬ್ ಬೆನ್ನು ತಟ್ಟಿ "ಮಬ್ರೂಕ್" ಎಂದ, ಅಂದರೆ ಅಭಿನಂದನೆ. ನಾನು ಮತ್ರಾ ಬಂದರಿನ ಅಂಗಡಿಯಿಂದ ಹಲ್ವಾ ತಂದು ಕೋಣೆಯ ಏಳೂ ಜನಕ್ಕೆ ಹಂಚಿದೆ. ಅವ್ವ ಸತ್ತು ಇನ್ನೂ ತಿಂಗಳಾಗಿರಲಿಲ್ಲ.

ಎರಡು ವರ್ಷದ ಮೇಲೆ ರಜೆ ಸಿಕ್ಕಿತು. ಬೆಳಗಾವಿ ಸ್ಟೇಷನ್ನಿನಲ್ಲಿ ನನ್ನ ಹಳೆಯ ಕಾರ್ಖಾನೆಯ ಟೆಂಪೊ ನಿಂತಿತ್ತು. ಡ್ರೈವರ್ ಗುರುತಿನವನು, ಬೇಕಾದರೆ ಮಚ್ಛೆಯ ತನಕ ನೀನೇ ಹೊಡಿ ಎಂದ. ನಾನು ಹಿಗ್ಗಿನಿಂದ ಎಡಗಡೆಯ ಬಾಗಿಲು ತೆರೆದು ಹತ್ತಿದೆ. ಮುಂದೆ ಸ್ಟೇರಿಂಗ್ ಇರಲಿಲ್ಲ. ನನ್ನನ್ನು ಕರೆದೊಯ್ಯಲು ಬಂದಿದ್ದ ಅಣ್ಣ ಹೊಟ್ಟೆ ಹಿಡಿದು ನಕ್ಕ. ಅವನಿಗೆ ಮೀಸೆ ಇರಲಿಲ್ಲ. ನಗುವಾಗ ಬಾಯಿಯ ಸುತ್ತ ಗೆರೆಗಳು ಬೀಳುವುದನ್ನು ಆವತ್ತು ಕಂಡೆ.

ನಡೆದದ್ದನ್ನು ಹೇಳಿದವಳು ವೈನಿ, ಅಣ್ಣನ ಹೆಂಡತಿ. ಅಣ್ಣ ಭಟ್ಟಿಗೆ ಹೋಗಿದ್ದಾಗ, ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಮಲಪ್ರಭಾ ದಂಡಿ ಮ್ಯಾಲೆ ನ್ಹಾವಿ ಕತ್ತಿ ಮಸದ ಕುಂತಿದ್ದ. ಮಂದಿ ಎಲ್ಲಾ ಕೂಡಿತ್ತು. ನಿಮ್ಮ ಮಾವ, 'ಕುಂದರೋ ನಿಂಗಪ್ಪಾ' ಅಂದ. ಇವರು, 'ಸೋಮವಾರ ಆದಮ್ಯಾಲೆ ಕೊಡತೇನ್ರಿ ಮಾವಾ, ಹರಕಿ ಐತಿ' ಅಂದ್ರು. 'ತಾಯೀಗಿಂತ ಮಿಗಿಲಾದ ಹರಕಿ ಯಾವದಲೇ?' ಅಂತ ಕೇಳಿದ ನಿಮ್ಮ ಮಾವ. ಇವರು ಬಾಯಿ ಬಿಡಲಿಲ್ಲ. ಪಿಂಡ ಇಟ್ರ ಕಾಗಿ ಮುಟ್ಟಲಿಲ್ಲ. ಹೊತ್ತ ಇಳಿತು. ಮಾವ ಊಟಾ ಮಾಡದಽ ಎದ್ದ ಹೋದ. ಅವನ ಹಿಂದ ಎಲ್ಲಾರೂ ಹೋದ್ರು. ನಲವತ್ತ ಮಂದಿ ಅಡಗಿ ದನಕ್ಕ ಹಾಕಿದೆ."

"ಸೋಮವಾರ?" ಎಂದೆ.

"ಸೋಮವಾರ ಸಾಹೇಬರು ಫೋಟೊ ನೋಡಿ ಮಾರಿ ನೋಡಿದ್ರಂತ. ಇವರ ಕಣ್ಣಾಗ ನೀರ ಬಂದಾವ. 'ಯಾಕ್ರೀ, ಲೈಸೆನ್ಸ್ ಕಳದದ್ದಕ್ಕ ಯಾರರ ಅಳತಾರೇನ್ರಿ? ಹೊಸಾದು ಕೊಡಾಕತ್ತೇವಲ್ಲ' ಅಂದ್ರಂತ. ಹೊರಗ ಬಂದವರಽ ರಸ್ತಾದ ಬಾಜೂಕ, ಗಿಡದ ಬುಡಕ ಕುಂತ ನ್ಹಾವಿ ಮುಂದ ಕುಂತ್ರಂತ. ತಲಿ, ಮೀಸಿ, ಎಲ್ಲಾ ಕೊಟ್ರು. ಕೂದಲಾ ಕರಚೀಪಿನ್ಯಾಗ ಕಟ್ಕೊಂಡ ಬಸ್ ಹತ್ತಿ ಬಂದು, ಒಬ್ಬರಽ ಹೋಗಿ ಹೊಳಿಗೆ ಬಿಟ್ರು. ಅದನ್ನ ಯಾರ ನೋಡ್ಯಾರ? ಯಾರ ಹಿಡದಾರ ಲೆಕ್ಕಕ್ಕ?"

ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ ಮತ್ತೆ ಹೇಳಿದಳು. "ನಿಂದೊಂದು ತಂತಿ ಬಂತು. ಪೋಸ್ಟಿನವರು ಎರಡ ಸಲ ಓದಿ ಹೇಳಿದ್ರು. ಮೂರನೇ ಸಲಾ ಓದ್ರಿ, ಏನರ ಬಿಟ್ಟಿರಬೇಕ ಅಂತ ಇವರು ಅವರ ಕೂಡ ಜಗಳಾ ತಗದ್ರು."

ಮುಂದಿನದೂ ವೈನಿಯಿಂದಲೇ ತಿಳಿಯಿತು.

ಮೊದಲು ನಮ್ಮ ಓಣಿಯಲ್ಲಿ ಯಾರು ಸತ್ತರೂ ಅಣ್ಣನಿಗೆ ಮೊದಲು ಹೇಳಿ ಕಳಿಸುತ್ತಿದ್ದರು. ಚಟ್ಟ ಕಟ್ಟುವುದರಲ್ಲಿ ಅವನ ಕೈ ಗಟ್ಟಿ. ಆ ಶನಿವಾರದಿಂದ ಯಾರೂ ಕರೆಯಲಿಲ್ಲ. ತಾನಾಗಿ ಹೋದರೆ, "ನೀ ಬ್ಯಾಡಪಾ, ಕುಂದರು" ಎನ್ನುತ್ತಾರೆ. ಸೋದರಮಾವ ನಮ್ಮ ಹೊಸ್ತಿಲು ತುಳಿದಿಲ್ಲ.

ಆದರೆ ನಾನು ಬಂದಿದ್ದೇನೆಂದು ಕೇಳಿ, ಹೊಳೆಯ ದಂಡೆಗೆ ಮಾವ ಬಂದ. ತಡವಾದರೂ ಕೂದಲು ಕೊಡುವುದು ನನ್ನ ಕರ್ತವ್ಯವಾಗಿತ್ತು. ಓಣಿಯ ಮಂದಿ ಎಲ್ಲ ಬಂದರು. ನಾನು ಕೂತೆ, ನ್ಹಾವಿ ತಲೆ ಬೋಳಿಸಿದ, ಮೀಸೆ ತೆಗೆದ. ಅಣ್ಣ ನನ್ನ ಅಂಗಿ, ಟಾವೆಲ್ಲು ಹಿಡಿದು ದೂರ ನಿಂತಿದ್ದ. ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನೋಡ್ರಿ, ಸಮುದ್ರ ದಾಟಿ ಹೋದಂವಗ ತಾಯಿ ನೆನಪೈತಿ. ಮನ್ಯಾಗ ಇದ್ದಂವಗ ಮೀಸಿನಽ ಹೆಚ್ಚಾಗಿತ್ತು."

ಮಂದಿ ಹೌದೌದು ಎಂದರು. ನಾನು ಹೊಳೆಯಲ್ಲಿ ಸೊಂಟದ ತನಕ ಇಳಿದು ನಿಂತಿದ್ದೆ. ಈಗ ಹೇಳಬೇಕು ಎಂದು ಬಾಯಿ ತೆರೆದೆ. ಮಾವನ ಮುಖ ನನ್ನ ಕಡೆಗೇ ಇತ್ತು, ಅದರ ತುಂಬ ಅಭಿಮಾನ. ನನ್ನ ಬಾಯಿಂದ ಬಂದದ್ದು, "ಮಾವಾ, ನೀರ ಭಾಳ ತಂಪ ಅದಾವಲ್ಲ" ಎಂಬ ಮಾತು.

"ತಂಪ ಇರಽದೇನ, ಲಗೂನ ಮುಳಗಿ ಏಳು" ಎಂದು ಮಾವ ನಕ್ಕ. ಅಣ್ಣ ಮುಂದೆ ಬಂದು ಟಾವೆಲ್ಲಿನಿಂದ ನನ್ನ ಬೋಳುತಲೆ ಒರೆಸಿದ. ಒರೆಸುವಾಗ ಅವನ ಕೈ ಎಷ್ಟು ಮೆತ್ತಗಿತ್ತೆಂದರೆ, ಅದಕ್ಕಿಂತ ಹೊಡೆದಿದ್ದರೆ ಚಲೋ ಇತ್ತು.

ಇದಾಗಿ ಒಂದು ವರ್ಷವಾಯಿತು. ನಾನು ಮತ್ತೆ ಮಸ್ಕತ್ತಿನಲ್ಲಿದ್ದೇನೆ. ಈಗ ಎಡಗಡೆಯ ಬಾಗಿಲಿಗೆ ಕೈ ತಾನಾಗಿ ಹೋಗುತ್ತದೆ. ಅಂಗಡಿಯವನು ಬುಕ್ರಾ ಎಂದರೆ ನಾಳೆ ಎಂದಲ್ಲ, ಯಾವಾಗಲೋ ಎಂದು ತಿಳಿಯುತ್ತದೆ. ಇಲ್ಲಿಯವರ ಜೊತೆ ಜಗಳ ಮಾಡುವಷ್ಟು ಅರಬ್ಬಿ ಬಂದಿದೆ. ಆದರೆ ಶುಕ್ರವಾರ ಬಂದರಿನ ದಂಡೆಯಲ್ಲಿ ಕುಳಿತಾಗ, ಊರಿಗೆ ಹೋದರೆ ನಾನು ಯಾರ ಮಗ, ಯಾರ ತಮ್ಮ ಎಂದು ತಿಳಿಯದಂತಾಗುತ್ತದೆ. ಅಲ್ಲಿ ನನಗೆ ಸಿಕ್ಕ ಮಾನ ಅಣ್ಣನದು. ಇಲ್ಲಿ ನನ್ನ ಅನ್ನಕ್ಕೆ ದಾರಿ ಮಾಡಿದ ಮುಖ ಅಣ್ಣನದು. ನನ್ನದು ಎನ್ನುವುದು ಎರಡೂ ಕಡೆ ಆ ಒಂದು ಮೌನ ಮಾತ್ರ.

ಕಳೆದ ವಾರ ಅಣ್ಣನ ಕ್ಯಾಸೆಟ್ಟು ಬಂತು. ಮಳೆ, ಭಟ್ಟಿ, ಎಮ್ಮೆ ಈದದ್ದು, ಎಲ್ಲ ಹೇಳಿ, ಕೊನೆಗೆ ಹೇಳಿದ್ದ:

"ತಮ್ಮಾ, ಏಜೆಂಟ್ ಭೇಟ್ಟಿ ಆಗಿದ್ದ. ನಿನ್ನ ಲೈಸೆನ್ಸಿನ ಮುದ್ದತ್ತು ಮುಗಿಯಾಕ ಬಂತಂತ. ಹಂಗಽ ಬಿಟ್ರ ರದ್ದ ಆಕೈತಂತ. ನಾಳೆ ನೀ ಊರಿಗೆ ಬಂದ್ರ ಟೆಂಪೊ ಹೊಡ್ಯಾಕ ಬೇಕಲ್ಲ. ಮೀಸಿ ಬಿಡಲೇನ?"

ಆಮೇಲೆ ಖಾಲಿ. ಕೋಳಿಯೂ ಇಲ್ಲ, ಕೆಮ್ಮೂ ಇಲ್ಲ. ನಾನು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಣ್ಣ ಸುಮ್ಮನೆ ಕಾದಿದ್ದ.

ಮಾವಾ, ನಿನಗೆ ಇದನ್ನು ಓದಿ ಹೇಳುತ್ತಿರುವವರು ಇಲ್ಲಿ ಒಂದು ಗಳಿಗೆ ನಿಲ್ಲಿಸಲಿ. ಹರಕೆ ಇರಲಿಲ್ಲ. ಸುಳ್ಳು ಹೆಸರಿನಲ್ಲಿ ನಿಲ್ಲು ಎಂದು ಕೇಳಿದವನು ನಾನು, ಕೇಳಿದ್ದಕ್ಕೆ ಉತ್ತರ ಕೊಡದವನೂ ನಾನು. ಸರಕಾರ ಏನು ಶಿಕ್ಷೆ ಕೊಟ್ಟರೂ ನನಗೆ ಕೊಡಲಿ. ಅವ್ವನಿಗೆ ಅವನು ಕೂದಲು ಕೊಟ್ಟಿದ್ದಾನೆ, ನನಗಿಂತ ಎರಡು ವರ್ಷ ಮೊದಲು.

ಅಣ್ಣಾ, ಬ್ಯಾಡ. ಮೀಸಿ ಬಿಡಬ್ಯಾಡ. ಲೈಸೆನ್ಸ್ ರದ್ದ ಆಗಲಿ.